ಮಧ್ಯಾಹ್ನಕ್ಕೆ ಏಳುವ ಯಂತ್ರ

ಕಾಚಿಗುಡಾ, ಹೈದರಾಬಾದ್
18 ಮಾರ್ಚ್ 2024

ಅಖಂಡ ಮೆಮೊರಿ ಮಂಡಲಾಧೀಶ್ವರಿ ಹರ್ಷದಾ ಮೇಡಂ ಅವರ ದಿವ್ಯ ಸನ್ನಿಧಿಗೆ,

ಅಮೀರ್‌ಪೇಟ್‌ನ ಇನ್‌ಸ್ಟಿಟ್ಯೂಟಿನಲ್ಲಿ ತಮ್ಮ ಹಾರ್ಡ್‌ವೇರ್ ಕ್ಲಾಸಿನ ಕೊನೆಯ ಬೆಂಚನ್ನು ಮೂರು ತಿಂಗಳು ಬೆನ್ನಿನಿಂದ ಪಾಲಿಶ್ ಮಾಡಿದ ಕೇದಾರನ ಸಾಷ್ಟಾಂಗ ನಮಸ್ಕಾರಗಳು. ಈ ಕಾಲದಲ್ಲಿ ಸ್ಪೀಡ್ ಪೋಸ್ಟ್ ಯಾಕೆ ಎಂದು ತಾವು ಹುಬ್ಬೇರಿಸಬಹುದು. ನನ್ನ ನಂಬರನ್ನು ತಾವು ಬ್ಲಾಕ್ ಮಾಡಿದ್ದೀರಿ. ಅದಕ್ಕೆ ಕಾರಣ ನಾನೇ. ಅಣ್ಣನಿಗೂ ತಮಗೂ ಮದುವೆ ನಿಶ್ಚಯವಾದ ವಾರದಲ್ಲಿ ಕಲ್ಯಾಣಮಂಟಪದ ಮ್ಯಾನೇಜರನಾಗಿ ಫೋನ್ ಮಾಡಿ, ವರನ ಜೊತೆ ಬರುವ ಆನೆಗಳಿಗೆ ಸಸ್ಯಾಹಾರವೋ ಮಾಂಸಾಹಾರವೋ ಎಂದು ವಿಚಾರಿಸಿದ್ದೆ. ಆಗ ನಗುತ್ತಲೇ ಬ್ಲಾಕ್ ಮಾಡಿದಿರಿ. ಅಣ್ಣ ಹೋದ ಮೇಲೆ ತೆಗೆಯಲು ನೆನಪಾಗಲಿಲ್ಲವೋ, ಮನಸ್ಸಾಗಲಿಲ್ಲವೋ, ಅದನ್ನು ಕೇಳುವುದಿಲ್ಲ.

ವೈನಿ, ನನ್ನ ಅತ್ತಿಗೆಯಾಗಬೇಕಿದ್ದವರೇ, ಮನೆಯಲ್ಲಿ ಒಂದು ದೆವ್ವ ಇದೆ. ನನ್ನ ಮೇಲೆ ಆರೋಪವೂ ಇದೆ. ಎರಡನ್ನೂ ನಿವಾರಿಸುವ ಶಕ್ತಿ ತಮ್ಮೊಬ್ಬರಿಗೇ ಇರುವುದು.

ಅಣ್ಣನ ಕಂಪ್ಯೂಟರನ್ನು ನಾವು ಇವತ್ತಿನವರೆಗೆ ಆರಿಸಿಲ್ಲ. ಹೋದ ಆಗಸ್ಟಿನಲ್ಲಿ ಅಪಘಾತವಾದ ಪಟಾನ್‌ಚೆರು ರಸ್ತೆಯಿಂದ ಅವನನ್ನು ಮನೆಗೆ ತಂದಾಗ ಆ ಯಂತ್ರ ಅವನು ಬಿಟ್ಟು ಹೋದ ಹಾಗೆಯೇ ಓಡುತ್ತಿತ್ತು. ಹೋದವರ ಜಾಗದಲ್ಲಿ ದೀಪ ಇಡುತ್ತಾರಲ್ಲ, ಅವ್ವ ಅದನ್ನು ಅದರ ಮುಂದೆ ಇಟ್ಟಳು. ಉಳಿದವರ ಮನೆಯಲ್ಲಿ ಆ ದೀಪ ಕೆಲವೇ ದಿನ ಇರುತ್ತದೆ. ನಮ್ಮಲ್ಲಿ ಇನ್ನೂ ಉರಿಯುತ್ತಿದೆ. ದೀಪ, ಅದರ ಹಿಂದೆ ಕಂಪ್ಯೂಟರು, ಎರಡೂ ಆರಬಾರದು ಎಂಬುದು ಅವ್ವನ ಕಾಯಿದೆ.

ಇಷ್ಟು ದಿನ ಅದು ಸುಮ್ಮನಿತ್ತು. ಶಿವರಾತ್ರಿ ಕಳೆದು ಬಿಸಿಲು ಶುರುವಾದ ಮೇಲೆ ಏಳತೊಡಗಿದೆ. ಊಟ ಮುಗಿದು ಎಲ್ಲರೂ ಅಡ್ಡಾಗುವ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಫ್ಯಾನು ಭರ್ರೆಂದು ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಆಮೇಲೆ ಸ್ಪೀಕರಿನಲ್ಲಿ ದಪ್ಪೆಂದು ಒಂದು ಸದ್ದು, ಯಾರೋ ಕುರ್ಚಿಯಲ್ಲಿ ಕೂತ ಹಾಗೆ. ಪರದೆಯ ಮೇಲೆ ‘ಸ್ವಾಗತ’, ಕೆಳಗೆ ಅಣ್ಣನ ಹೆಸರು. ರಾತ್ರಿಯೆಲ್ಲ ಸಿನಿಮಾದವರ ಡಬ್ಬಿಂಗ್ ಸರಿಮಾಡಿ ಬೆಳಿಗ್ಗೆ ಮಲಗುತ್ತಿದ್ದ ಅವನು ಎದ್ದು ಚಹಾ ಕೇಳುತ್ತಿದ್ದದ್ದು ಅದೇ ಹೊತ್ತಿಗೆ ಎಂಬುದು ನಿಮಗೇ ಗೊತ್ತು.

ಮೊದಲ ದಿನ ಅವ್ವ ಅಡುಗೆಮನೆಯಿಂದಲೇ ಅಂದಳು, “ಎದ್ದಾನ ನೋಡು. ಚಾ ಇಡತೀನಿ.” ಇಟ್ಟಳು. ತಂದು ಕೀಬೋರ್ಡಿನ ಪಕ್ಕ ಇಟ್ಟಳು. ಈಗ ದಿನಾ ಇಡುತ್ತಾಳೆ.

ಎದುರು ಮನೆಯ ಪಾರ್ವತೆಮ್ಮನಿಗೆ ಸುದ್ದಿ ಹೋಯಿತು. “ಶಿವಗಂಗಕ್ಕಾ, ಹರೇದಾಗ ಹೋದಾವ್ರು ಹಿಂಗ ತಿರುಗಿ ಬರ್ತಾರ. ಬಾಗಲಕ್ಕ ಒಂದು ನಿಂಬಿಹಣ್ಣು ಕಟ್ಟಿಸ್ರಿ” ಎಂದರು. ಅವ್ವ ಕೇಳಿದಳು: “ನನ್ನ ಮಗ ನನ್ನ ಮನಿಗೆ ಬರಾಕ ನಿಂಬಿಹಣ್ಣಿನ ಪರ್ಮಿಷನ್ ಬೇಕೇನು?”

ಅಪ್ಪ ನನ್ನನ್ನು ಮಹಡಿಗೆ ಕರೆದುಕೊಂಡು ಹೋದರು. “ಇದು ನಿಂದ ಕಿತಾಪತಿ ಐತಿ. ಹೆತ್ತ ತಾಯಿ ಮುಂದ ಆಟ ಆಡತೀಯೇನಲೇ?”

“ಅಪ್ಪಾ, ನಾ ಮಾಡಿದ್ರ ಇಷ್ಟು ಛಲೋ ಮಾಡಾಕ ಬರತಿದ್ದಿಲ್ರಿ” ಅಂದೆ. ಕೆನ್ನೆಗೆ ಒಂದು ಬಿತ್ತು. ನಿಜ ಹೇಳಿದ್ದಕ್ಕೆ ನಾನು ತಿಂದ ಮೊದಲ ಏಟು ಅದು. ಚರಿತ್ರೆಯಲ್ಲಿ ದಾಖಲಾಗಲಿ.

ಆದರೆ ನಗೆಯ ಹಿಂದೆ ಒಂದು ತೊಡಕಿದೆ. ಆಗಸ್ಟಿನಲ್ಲಿ ವರ್ಷದ ಕಾರ್ಯ ಬರುತ್ತದೆ. ಅಯ್ಯನವರಿಗೆ ಹೇಳಬೇಕು ಎಂದು ಅಪ್ಪ ಅಂದರೆ ಅವ್ವ ಒಪ್ಪುತ್ತಿಲ್ಲ. “ದಿನಾ ಬಂದು ಚಾ ಕುಡಿಯಾವಂದು ಎಂಥಾ ವರ್ಷದ ಕಾರ್ಯ?” ಎನ್ನುತ್ತಾಳೆ. ಈಚೆಗೆ ಅವಳು ಕೆಳಗಿನ ಅಂಗಡಿಗೂ ಇಳಿಯುತ್ತಿಲ್ಲ. ತಾನಿಲ್ಲದಾಗ ಅವನು ಎದ್ದುಬಿಟ್ಟರೆ ಎಂಬ ಹೆದರಿಕೆ.

ನಾನು ಬೇಗಂಪೇಟೆಯ ಆಫೀಸಿನಲ್ಲಿ ಮಂದಿಯ ಪಾಸ್‌ವರ್ಡ್ ಬದಲಿಸಿಕೊಡುವ ಮಹಾ ಇಂಜಿನಿಯರು. ತಮ್ಮ ಮೆಮೊರಿಯ ಪಾಠದ ದಿನ ನನಗೆ ಗಾಢ ನಿದ್ರೆ ಪ್ರಾಪ್ತವಾಗಿತ್ತು. ಇದು ದೆವ್ವ ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು.

ಇಂತಿ, ಜೀವಮಾನದಲ್ಲಿ ಮೊದಲ ಸಲ ನಿರಪರಾಧಿಯಾದ
ಕೇದಾರ


ಹುಬ್ಬಳ್ಳಿ
27 ಮಾರ್ಚ್ 2024

ಕೇದಾರ,

ಕವರಿನ ಮೇಲೆ ‘ವೈನಿ’ ಎಂದು ಬರೆಯಬೇಡ. ನಾನು ಈಗ ಪಾಠ ಮಾಡುವ ಪಾಲಿಟೆಕ್ನಿಕ್‌ಗೆ ಬರುವ ಟಪಾಲನ್ನು ಎಲ್ಲರೂ ತಿರುಗಿಸಿ ನೋಡುತ್ತಾರೆ. ಒಳಗೂ ಬರೆಯಬೇಡ.

ದೆವ್ವ ಅಲ್ಲ. ತನ್ನಷ್ಟಕ್ಕೆ ಆರಿ, ಎರಡು ಮೂರು ಸಲ ಪ್ರಯತ್ನಿಸಿ ಏಳುವ ಯಂತ್ರಕ್ಕೆ ಸಾಮಾನ್ಯವಾಗಿ ತೊಂದರೆ ಇರುವುದು ರ‍್ಯಾಮಿನಲ್ಲಿ. ಏಳುವಾಗ ಅದು ತನ್ನ ಮೆಮೊರಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತದೆ. ಉತ್ತರ ಸರಿಯಾಗಿ ಬರದಿದ್ದರೆ ಆರಿ ಮತ್ತೆ ಕೇಳುತ್ತದೆ.

ಕ್ಯಾಬಿನೆಟ್ಟಿನ ಪಕ್ಕದಲ್ಲಿ ಗಾಜು ಇದೆ. ಟಾರ್ಚ್ ಹಾಕಿ ನೋಡು, ನಿಂತಿರುವ ಎರಡು ಪಟ್ಟಿಗಳು ಕಾಣುತ್ತವೆ. ಅವುಗಳ ಚೀಟಿಯ ಮೇಲೆ ಯಾವ ಅಂಕೆ ಇದೆ ಎಂದು ಬರೆ. ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಸ್ಪೀಡ್ ಎಷ್ಟು ತೋರಿಸುತ್ತದೆ ನೋಡು. ಏನನ್ನೂ ಬದಲಿಸಬೇಡ.

ಅವನು ನಿಮ್ಮ ಅವ್ವನಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡ ಮದುವೆಯ ಹಾಡುಗಳು ಅದರಲ್ಲೇ ಇವೆಯೇ? ಇದ್ದರೆ ಒಂದು ಪ್ರತಿ ತೆಗೆದಿಡು.

ಅವರ ಆರೋಗ್ಯ ನೋಡಿಕೊ.

ಹರ್ಷದಾ


ಕಾಚಿಗುಡಾ
6 ಏಪ್ರಿಲ್ 2024

ವೈ ಅಲ್ಲದ, ನಿ ಅಲ್ಲದ, ಬರೀ ಮೇಡಂ ಅವರಿಗೆ,

ಆಜ್ಞೆ ಪಾಲಿಸಿದ್ದೇನೆ. ದೀಪಕ್ಕೆ ಕೈ ತಾಗದ ಹಾಗೆ ಹಾವಾಡಿಗನಂತೆ ಬಾಗಿ ಟಾರ್ಚ್ ಬಿಟ್ಟೆ. ಅವ್ವ ಹಿಂದೆ ನಿಂತು “ಹುಷಾರಿ, ಅವಗ ಕಚಗುಳಿ ಆಗತೈತಿ” ಅಂದಳು. ನನ್ನ ಕೈಯಿಂದ ಟಾರ್ಚ್ ಬಿದ್ದೇ ಹೋಗಿತ್ತು.

ವರದಿ: ಚೀಟಿಯ ಮೇಲೆ 3200. ಟಾಸ್ಕ್ ಮ್ಯಾನೇಜರಿನಲ್ಲಿ 3600. ಇನ್ನೂ ಪಾಂಡಿತ್ಯ ತೋರಿಸಲು ಬೇರೊಂದು ಸಣ್ಣ ಸಾಫ್ಟ್‌ವೇರ್ ಹಾಕಿ ನೋಡಿದರೆ ಅದು 1800 ಅನ್ನುತ್ತದೆ. ಒಂದೇ ವಸ್ತುವಿಗೆ ಮೂರು ವಯಸ್ಸು. ಅರ್ಧ ಮೆಮೊರಿಯನ್ನು ದೆವ್ವ ತಿಂದಿದೆ ಎಂದು ಪಾರ್ವತೆಮ್ಮನಿಗೆ ಹೇಳಬೇಕೆಂದಿದ್ದೆ, ಕೆನ್ನೆಯ ನೆನಪಾಗಿ ಬಿಟ್ಟೆ. ಇವುಗಳಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು?

ಹಾಡುಗಳು ಇವೆ. ಇಲ್ಲಿಂದ ಮುಂದೆ ತಮಾಷೆ ಬರೆಯಲು ಕೈ ಓಡುತ್ತಿಲ್ಲ.

ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಆಫೀಸಿನಲ್ಲಿ ಕೇಳಿದೆ. ಒಂದೊಂದು ಹಾಡಿನ ಕೊನೆಗೂ ಅಣ್ಣನ ಮಾತು ಇರಬೇಕು. ಹಾಡು ನಿಂತ ಮೇಲೆ ಅವನು ಏನೋ ಹೇಳುತ್ತಿದ್ದನಲ್ಲ, ಮತ್ತೊಮ್ಮೆ ಹಾಡು ಅಂತಲೋ, ಚಲೋ ಬಂತು ಅಂತಲೋ. ಎರಡು ಕಡೆ ಆ ಜಾಗದಲ್ಲಿ ಚಟಚಟ ಎಂಬ ಸದ್ದು. ಎಣ್ಣೆಗೆ ನೀರು ಬಿದ್ದ ಹಾಗೆ. ಅದರ ಒಳಗೆ ಅವನ ದನಿ ಇದೆ ಎಂದು ಗೊತ್ತಾಗುತ್ತದೆ, ಮಾತು ಗೊತ್ತಾಗುವುದಿಲ್ಲ. ತಿರುಗಿ ಬಂದು ಇನ್ನೊಮ್ಮೆ ಪ್ರತಿ ತೆಗೆದೆ. ಈ ಸಲ ಚಟಚಟ ಬೇರೆ ಕಡೆ. ಅದು ಜಾಗ ಬದಲಿಸುತ್ತದೆ, ಮೇಡಂ.

ಇದನ್ನು ಅವ್ವನಿಗೆ ಹೇಳಿಲ್ಲ. ಬಿಸಿಲು ಏರಿದಂತೆ ಅವನು ಏಳುವುದೂ ಹೆಚ್ಚಾಗಿದೆ. ನಿನ್ನೆ ಒಂದೇ ಮಧ್ಯಾಹ್ನ ಎರಡು ಸಲ ಎದ್ದ. ಅವ್ವ ಎರಡು ಕಪ್ ಇಟ್ಟಳು. ‘ಎದ್ದ’ ಎಂದು ನಾನೂ ಬರೆದುಬಿಟ್ಟೆ ನೋಡಿ.

ಏನು ಮಾಡಲಿ?

ಕೇದಾರ


ಕಾಚಿಗುಡಾ
29 ಏಪ್ರಿಲ್ 2024

ಜ್ಞಾಪನಾ ಪತ್ರ ಸಂಖ್ಯೆ ಒಂದು

ವಿಷಯ: ತಮ್ಮ ಮೌನ. ಉಲ್ಲೇಖ: ನನ್ನ ಹಿಂದಿನ ಪತ್ರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸನ್ನಿಧಾನದ ಗಮನಕ್ಕೆ ತರುವುದೇನೆಂದರೆ, ಇನ್‌ಸ್ಟಿಟ್ಯೂಟಿನಲ್ಲಿ ಯಾರು ಎಷ್ಟು ದಡ್ಡ ಪ್ರಶ್ನೆ ಕೇಳಿದರೂ ತಾವು ಬೆಲ್ ಹೊಡೆಯುವುದರೊಳಗೆ ಉತ್ತರಿಸುತ್ತಿದ್ದಿರಿ. ನನ್ನ ಮೂರು ಅಂಕೆಗಳ ಪ್ರಶ್ನೆ ಅಷ್ಟು ಕಷ್ಟದ್ದಲ್ಲ. ಆದ್ದರಿಂದ ತಮಗೆ ಉತ್ತರ ಗೊತ್ತಿದೆ, ಗೊತ್ತಿದ್ದೂ ಹೇಳುತ್ತಿಲ್ಲ ಎಂದು ಈ ಕಚೇರಿ ಭಾವಿಸಿದೆ.

ಯಂತ್ರ ಎದ್ದಾಗಲೆಲ್ಲ ಅಣ್ಣನ ಹಾಡಿನ ಸಾಫ್ಟ್‌ವೇರು ತಾನೇ ತೆರೆದುಕೊಂಡು ನಡುನಡುವೆ ಸೇವ್ ಮಾಡಿಕೊಳ್ಳುತ್ತದೆ. ಮೊನ್ನೆ ಹಾಗೆ ಸೇವ್ ಆಗುವಾಗಲೇ ಯಂತ್ರ ಆರಿತು. ಅರಿಶಿನ ಹಚ್ಚುವಾಗಿನ ಹಾಡು ಈಗ ಎಲ್ಲಿ ಹಾಕಿ ಕೇಳಿದರೂ ಅದೇ ಜಾಗದಲ್ಲಿ ಚಟಚಟ. ಈಗ ಅದು ಜಾಗ ಬದಲಿಸುವುದಿಲ್ಲ. ನಾನು ಮೊದಲು ತೆಗೆದ ಪ್ರತಿಗಳಲ್ಲೂ ಆ ಹಾಡು ಕೆಟ್ಟೇ ಬಂದಿದೆ.

ತ್ವರಿತ ಕ್ರಮಕ್ಕಾಗಿ ಕೈಮುಗಿದು,
ಕೇದಾರ


ಹುಬ್ಬಳ್ಳಿ
8 ಮೇ 2024

ಕೇದಾರ,

ನಿನ್ನ ಕಚೇರಿ ಭಾವಿಸಿದ್ದು ಸರಿ.

ಮೊದಲು ಪಾಠ. ನೀನು ಕಂಡ ಅಂಕೆಗಳಲ್ಲಿ ಸುಳ್ಳು ಯಾವುದೂ ಇಲ್ಲ. 1800 ಗಡಿಯಾರದ ಬಡಿತ. ನಿಮ್ಮ ಅವ್ವ ಹಾಡುವಾಗ ತೊಡೆಯ ಮೇಲೆ ತಾಳ ಹಾಕುತ್ತಾರಲ್ಲ, ಕೈ ಕೆಳಗೆ ಬಂದಾಗ ಒಂದು ಅಕ್ಷರ, ಮೇಲೆ ಹೋಗುವಾಗ ಇನ್ನೊಂದು ಅಕ್ಷರ. ಈ ರ‍್ಯಾಮ್ ಕೆಲಸ ಮಾಡುವುದು ಹಾಗೆಯೇ. ತಾಳ ಎಣಿಸಿದವರಿಗೆ 1800, ಅಕ್ಷರ ಎಣಿಸಿದವರಿಗೆ 3600. ಹಾಡು ಒಂದೇ. ಏನೂ ಅರ್ಧವಾಗಿಲ್ಲ, ಯಾರೂ ತಿಂದಿಲ್ಲ.

ಚೀಟಿಯ ಮೇಲಿನ 3200 ಬೇರೆ ಸಂಗತಿ. ತಯಾರಿಸಿದವರು ಪರೀಕ್ಷಿಸಿ, ಇಷ್ಟರವರೆಗೆ ನಮ್ಮ ಜವಾಬ್ದಾರಿ ಎಂದು ಹೇಳಿದ ವೇಗ ಅದು. ತಂದು ಸಿಕ್ಕಿಸಿದ ಕೂಡಲೇ ಆ ವೇಗವೂ ತಾನಾಗಿ ಬರುವುದಿಲ್ಲ. ಹೊಸ ಸೊಸೆಯ ಹಾಗೆ ಮೆಲ್ಲಗೆ, 2133ರಲ್ಲೋ 2400ರಲ್ಲೋ ನಡೆಯುತ್ತದೆ. ಮಷೀನಿನ ಸೆಟಪ್ಪಿಗೆ ಹೋಗಿ ಅದರೊಳಗೇ ಬರೆದಿಟ್ಟ ಪ್ರೊಫೈಲನ್ನು ಆರಿಸಿದರೆ 3200ಕ್ಕೆ ಏರುತ್ತದೆ. ಅದರ ಮೇಲಿನದೆಲ್ಲ ನಮ್ಮ ಆಸೆ.

‘ನಮ್ಮ’ ಎಂದು ಬರೆದೆ. ಹೊಡೆದುಹಾಕುವುದಿಲ್ಲ. 3600 ಮಾಡಿದ ದಿನ ನಾನು ಆ ಕೋಣೆಯಲ್ಲೇ ಇದ್ದೆ. ಅವನು ಒಂದೊಂದು ಮೆಟ್ಟಿಲು ಏರಿಸುತ್ತಿದ್ದ, ನಾನು ಆಗೂದಿಲ್ಲ ಬಿಡು ಅನ್ನುತ್ತಿದ್ದೆ. ಆಯಿತು. ಅಲ್ಲಿ ಎಷ್ಟು ಚಳಿ ಇರುತ್ತಿತ್ತೆಂದರೆ ಅವನ ಸ್ವೆಟರು ಹಾಕಿಕೊಂಡು ಕೂತಿದ್ದೆ. ನೀನು ಬರೆದುದನ್ನೆಲ್ಲ ಓದಿ ನನಗೆ ಅರ್ಥವಾಗದೆ ಉಳಿದಿರುವುದು ಒಂದೇ. ಅವನು ಎ.ಸಿ. ಇಲ್ಲದೆ ಆ ಯಂತ್ರವನ್ನು ಒಂದು ಗಳಿಗೆಯೂ ಓಡಿಸುತ್ತಿರಲಿಲ್ಲ. ಅದಕ್ಕೆ ಏನಾಯಿತು? ತಣ್ಣಗಿದ್ದರೆ 3600 ಹೇಗೋ ನಡೆಯುತ್ತದೆ. ಹೈದರಾಬಾದಿನ ಬೇಸಿಗೆ ಮಧ್ಯಾಹ್ನ ಕೋಣೆ ಕಾದರೆ ತಪ್ಪುತ್ತದೆ. ಅದಕ್ಕೇ ಆ ಹೊತ್ತು. ಬೇರೇನೂ ಇಲ್ಲ.

ಈಗ ಮುಖ್ಯವಾದದ್ದು. ರ‍್ಯಾಮ್ ಓದುವಾಗ ತಪ್ಪಿದರೆ ಇನ್ನೊಮ್ಮೆ ಓದಬಹುದು. ಬರೆಯುವಾಗ ತಪ್ಪಿದರೆ ಆ ತಪ್ಪೇ ಡಿಸ್ಕಿನಲ್ಲಿ ನಿಜವಾಗಿ ಕೂರುತ್ತದೆ. ಅರಿಶಿನದ ಹಾಡು ಹೋಯಿತು. ಉಳಿದವು ಇನ್ನೂ ಇರಬಹುದು. ಪ್ರತಿಯೊಂದು ಮಧ್ಯಾಹ್ನ ಯಂತ್ರ ಎದ್ದಾಗಲೂ ಅವುಗಳಲ್ಲಿ ಒಂದು ಹೋಗಬಹುದು. ಸೆಟಪ್ಪಿಗೆ ಹೋಗಿ 3200ಕ್ಕೆ ಇಳಿಸಿದರೆ ಇದು ನಿಲ್ಲುತ್ತದೆ.

ನಿಲ್ಲುತ್ತದೆ ಎಂದರೆ, ಏಳುವುದೂ ನಿಲ್ಲುತ್ತದೆ.

ನಾನು ಒಂದು ತಿಂಗಳು ಬರೆಯದೆ ಕೂತದ್ದು ಇದಕ್ಕೆ. ಮಧ್ಯಾಹ್ನ ಪ್ರಾಕ್ಟಿಕಲ್ ನಡೆಯುವಾಗ ಲ್ಯಾಬಿನ ಗಡಿಯಾರ ನೋಡುತ್ತೇನೆ. ಈಗ ಎದ್ದಿರಬೇಕು ಅನಿಸುತ್ತದೆ. ಯಾಕೆ ಏಳುತ್ತದೆ ಎಂದು ಬೋರ್ಡಿನ ಮೇಲೆ ಬಿಡಿಸಿ ಹೇಳಬಲ್ಲವಳು ನಾನು, ಆದರೂ ನೋಡುತ್ತೇನೆ. ಉತ್ತರ ಅಂಚೆಗೆ ಹಾಕಿದ ದಿನ ಅದು ಮುಗಿಯುತ್ತದೆ ಎಂದು ಗೊತ್ತಿತ್ತು.

ನಿನಗೆ ಹೇಳುವುದು ಒಂದೇ. ನಿಮ್ಮ ಅವ್ವನಿಗೆ ಗೊತ್ತಿಲ್ಲದ ಹಾಗೆ ಇಳಿಸಬೇಡ. ಮೊದಲು ಹೇಳು. ಬೇಡ ಅಂದರೆ ಬಿಟ್ಟುಬಿಡು.

ಹರ್ಷದಾ


ಕಾಚಿಗುಡಾ
20 ಮೇ 2024

ವೈನಿ,

ನಿಮ್ಮ ಪತ್ರ ಬಂದ ಮೇಲೆ ಅವ್ವನಿಗೆ ಹೇಳಲು ನನಗೆ ಒಂದು ವಾರ ಬೇಕಾಯಿತು. ಸುಳ್ಳು ಹೇಳಿ ಹೇಳಿ ಅಭ್ಯಾಸವಾದವನು ನಿಜಕ್ಕೆ ಮುಖ ಹೇಗೆ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಭಾನುವಾರ ಊಟವಾದ ಮೇಲೆ ಅಣ್ಣನ ಕೋಣೆಯಲ್ಲಿ ಅವಳ ಮುಂದೆ ಕೂತೆ. ನೀವು ಬರೆದ ತಾಳದ ಮಾತು ಹೇಳಿದೆ. ಅವಳೇ ತೊಡೆಯ ಮೇಲೆ ಹಾಕಿ ನೋಡಿ, “ಹೌದು, ಮ್ಯಾಲೆ ಹೋಗುವಾಗೂ ಒಂದು ಬರತೈತಿ” ಅಂದಳು. ಅವ ಓಡಿಸಾಕ ಹೇಳಿದ ವೇಗ ಅದರ ಕೈಲಿ ಆಗೂದಿಲ್ಲ ಅವ್ವಾ, ಸೆಕಿಗೆ ತಾಳ ತಪ್ಪತೈತಿ, ತಪ್ಪಿದಾಗ ಬಿದ್ದು ಮತ್ತ ಏಳತೈತಿ ಎಂದೆ. ನೀವು ಎ.ಸಿ.ಯ ವಿಷಯ ಕೇಳಿದ್ದೂ ಹೇಳಿದೆ.

ಆಗ ಗೊತ್ತಾಯಿತು. ಎ.ಸಿ.ಯನ್ನು ಅವಳೇ ಮೊದಲ ದಿನ ಬಂದ್ ಮಾಡಿದ್ದಳು. ಅದರ ಗಾಳಿಗೆ ದೀಪ ಆರುತ್ತಿತ್ತಂತೆ.

ನಾನು ಅಂದುಕೊಂಡಿದ್ದು, ಅಳುತ್ತಾಳೆ, ಇಲ್ಲವೇ ನಿನ್ನ ಇನ್ನೊಂದು ಆಟ ಎಂದು ಬೈಯುತ್ತಾಳೆ. ಎರಡೂ ಆಗಲಿಲ್ಲ. ಅವಳು ಯಂತ್ರದ ಹತ್ತಿರ ಹೋದಳು. ಕೈ ಇಟ್ಟು ಅದರ ನೆತ್ತಿ ಮುಟ್ಟಿದಳು. ಜ್ವರ ನೋಡುವ ಹಾಗೆ.

“ಹಂಗಾದ್ರ ಅವಗ ಸೆಕಿ ಆಗಾಕತ್ತಿತ್ತು” ಅಂದಳು. “ಅವ ಚಾ ಬೇಡಾಕ ಏಳತಿದ್ದಿಲ್ಲ, ಕೇದಾರ. ಸೆಕಿ ತಡೀಲಾರದ ಏಳತಿದ್ದ. ನಾ ಇಷ್ಟು ದಿನ ಅವನ ಮುಂದ ಬೆಂಕಿ ಹಚ್ಚಿಟ್ಟು, ಅದರ ಮ್ಯಾಲೆ ಬಿಸಿ ಬಿಸಿ ಚಾ ಕೊಟ್ಟೀನಿ.”

ಹಾಗಲ್ಲ ಅವ್ವಾ, ಅದು ಯಂತ್ರ ಅನ್ನಲು ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ತಲೆಯಾಡಿಸಿ ಬೇಡ ಅಂದರು.

ಅವ್ವ ದೀಪ ಎತ್ತಿ ಒಯ್ದು ದೇವರ ಜಗಲಿಯ ಮೇಲೆ ಇಟ್ಟಳು. ಬಂದು ಎ.ಸಿ. ಹಾಕೆಂದಳು. ಎಷ್ಟೋ ತಿಂಗಳ ಧೂಳು ಕೆಮ್ಮಿಕೊಂಡು ಅದು ಶುರುವಾಯಿತು. ಶಾಲು ಹೊದ್ದು ಕುರ್ಚಿಯಲ್ಲಿ ಕೂತು, “ಈಗ ಇಳಸು. ಅವನ ಕೈಲಿ ಎಷ್ಟಾಗತೈತಿ ಅಷ್ಟಕ್ಕ ಇಡು” ಎಂದಳು.

ಇಳಿಸಿದೆ. ಸೆಟಪ್ಪಿನಲ್ಲಿ 3600 ಇದ್ದ ಕಡೆ ಪ್ರೊಫೈಲ್ ಆರಿಸಿ 3200 ಮಾಡಿದೆ. ಆ ರಾತ್ರಿಯೆಲ್ಲ ಪರೀಕ್ಷೆ ಓಡಿಸಿದೆ. ಒಂದೂ ತಪ್ಪು ಬರಲಿಲ್ಲ. ಒಂದಾದರೂ ಬರಲಿ ಎಂದು ಕಾಯುತ್ತಿದ್ದೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಮಾರನೆಯ ಮಧ್ಯಾಹ್ನ ಅವ್ವ ಎಂದಿನ ಹಾಗೆ ಬಂದು ಕೂತಳು. ಹೊರಗೆ ಬಿಸಿಲು ಕುದಿಯುತ್ತಿತ್ತು. ಒಳಗೆ ಯಂತ್ರದ ಸಣ್ಣ ಗುಂಯ್ ಬಿಟ್ಟರೆ ಏನೂ ಇಲ್ಲ. ಅವನು ಏಳುವ ಹೊತ್ತು ಬಂತು, ಮೀರಿತು. ಅವಳ ಮುಖ ನೋಡಲಾಗದೆ ನಾನು ಮೇಜಿನ ಕೆಳಗಿನ ಸ್ವಿಚ್ ಬೋರ್ಡಿನ ಕಡೆ ಮೆಲ್ಲಗೆ ಕಾಲು ಚಾಚಿದೆ. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಬಿಟ್ಟಿದ್ದರೆ ಸಾಕಿತ್ತು. ನನ್ನ ಇಡೀ ಜನ್ಮದ ತಾಲೀಮು ಅದಕ್ಕೇ ಆಗಿತ್ತು ಅನಿಸಿತು.

“ಕಾಲು ತಗಿ” ಎಂದಳು ಅವ್ವ, ನನ್ನ ಕಡೆ ನೋಡದೆ. “ನೀ ಮಾಡಿದ್ರ ನನಗ ತಿಳೀತೈತಿ.”

ತೆಗೆದೆ. ಅಪ್ಪ ಒಳಗೆ ಬಂದರು. “ಅಯ್ಯನೋರಿಗೆ ಹೇಳಲೇನು?” ಅಂದರು.

“ಮೊದಲ ಅವನ ದನಿ ಕೇಳೂಣು” ಅಂದಳು. “ಆಮ್ಯಾಲೆ ನೀವು ಹೇಳಿದ್ದಕ್ಕೆಲ್ಲ ಹ್ಞೂಂ.”

ಬೀಗರನ್ನು ಎದುರುಗೊಳ್ಳುವ ಹಾಡು ಹಾಕಿದೆ. ಚಟಚಟ ಎಲ್ಲಿಯೂ ಇರಲಿಲ್ಲ. ಅವ್ವನ ದನಿ ಕೊನೆಯ ನುಡಿಗೆ ಬರುವಾಗ ಒಡೆಯಿತು. ರೆಕಾರ್ಡಿನಲ್ಲಿ ಒಂದು ಗಳಿಗೆ ಮೌನ. ಆಮೇಲೆ ಅಣ್ಣ, ಪಕ್ಕದಲ್ಲೇ ಇದ್ದ ಹಾಗೆ:

“ಸಾಕು ಅವ್ವಾ. ದನಿ ಒಣಗೇತಿ. ಹೋಗಿ ನೀರು ಕುಡದು ಬಾ, ನಾ ಕುಂತಿರತೀನಿ.”

ಅವ್ವ ಎದ್ದಳು. ಶಾಲು ಕುರ್ಚಿಯ ಮೇಲೆ ಇಟ್ಟು ಅಡುಗೆಮನೆಯ ಕಡೆ ಹೋದಳು. ರೆಕಾರ್ಡಿನಲ್ಲೂ ಅವಳ ಹೆಜ್ಜೆ ದೂರ ಹೋಯಿತು, ಮನೆಯಲ್ಲೂ ಹೋಯಿತು. ಯಾವುದು ಯಾವುದೆಂದು ನನಗೆ ಬೇರೆ ಮಾಡಲಾಗಲಿಲ್ಲ. ಅಲ್ಲಿ ತಂಬಿಗೆಯ ಸದ್ದು ಕೇಳಿಸಿತು.

ಅಣ್ಣ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ, ವೈನಿ. ಅವಳು ತಿರುಗಿ ಬರುವ ತನಕ ಅದು ಹಾಗೇ ಓಡಿದೆ. ಅವನ ಕುರ್ಚಿ ಸಣ್ಣಗೆ ಕಿರುಗುಟ್ಟುತ್ತದೆ. ಒಮ್ಮೆ ಉಸಿರು ಬಿಡುತ್ತಾನೆ. ನಾನೂ ಅಪ್ಪನೂ ಅಲ್ಲಾಡದೆ ನಿಂತಿದ್ದೆವು. ನಾವು ಮೂವರೂ ಅವ್ವನ ದಾರಿ ಕಾಯುತ್ತಿದ್ದೆವು.

ಕೇದಾರ